ಒಂದು ಗೇಣು ಮೇಲಿಂದ

ಆಳ ಅಳೆಯುವುದರಲ್ಲಿ ನಮ್ಮ ಕೋಲಾರ ಜಿಲ್ಲೆಯವರು ಗಟ್ಟಿಗರು. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಕೆಳಕ್ಕೆ ಇಳಿದಿತ್ತು. 2001ರಲ್ಲಿ ಗಣಿಗೆ ಬೀಗ ಬಿದ್ದರೂ ಆಳದ ಹುಚ್ಚು ಬಿಡಲಿಲ್ಲ, ಚಿನ್ನ ಬಿಟ್ಟು ನೀರಿಗೆ ಇಳಿದೆವು. ಹೋಳೂರು ಹೋಬಳಿಯ ಯಾವ ರೈತನನ್ನಾದರೂ ಕೇಳಿ, ಬೋರು ಎಷ್ಟಡಿ ಹೋಯಿತು, ಎಷ್ಟಡಿಗೆ ಬಂಡೆ ಬಂತು, ಎಷ್ಟಡಿ ಕೇಸಿಂಗ್ ಇಳಿಸಿದರು, ಎಷ್ಟಡಿಯಿಂದ ಬರೀ ಧೂಳು ಎದ್ದಿತು, ಎಲ್ಲ ಬಾಯಿಪಾಠ. ಅದೇ ರೈತನನ್ನು ಊರಿನಿಂದ ಕಾಲೋನಿಗೆ ಎಷ್ಟು ದೂರ ಅಂತ ಕೇಳಿ. "ಇಲ್ಲೇ" ಅನ್ನುತ್ತಾನೆ. ಕೈಯನ್ನು ಮಾತ್ರ ಆಂಧ್ರದ ಗಡಿ ತೋರಿಸುವವನ ಹಾಗೆ ಚಾಚುತ್ತಾನೆ.

ಆ "ಇಲ್ಲೇ"ಯನ್ನು ನಾನು ಹೆಜ್ಜೆ ಹಾಕಿ ಅಳೆದಿದ್ದೇನೆ. ನಮ್ಮ ಮನೆಯ ಜಗಲಿಯಿಂದ ಕಾಲೋನಿಯ ಮೊದಲ ಮನೆಗೆ ಇನ್ನೂರ ಹದಿನಾಲ್ಕು ಹೆಜ್ಜೆ. ಮಗ, ಸೊಸೆ, ಮೊಮ್ಮಗು ಅಂತ ಅಮೆರಿಕ, ಆಸ್ಟ್ರೇಲಿಯಾ ನೋಡಿಬಂದವರು ನಮ್ಮೂರಲ್ಲಿ ಬೇಕಾದಷ್ಟಿದ್ದಾರೆ. ಆ ಇನ್ನೂರ ಹದಿನಾಲ್ಕು ಹೆಜ್ಜೆ ನಡೆದು ಒಂದು ಲೋಟ ನೀರು ಕುಡಿದು ವಾಪಸು ಬಂದವರು ಯಾರೂ ನನಗೆ ಗೊತ್ತಿಲ್ಲ.

ದೂರವನ್ನು ಹೆಜ್ಜೆಯಲ್ಲಿ ಅಳೆಯಬಾರದು ಎಂದು ಕಲಿಸಿದವನು ಎಮೋರಿ ಬೊಗಾರ್ಡಸ್ ಎಂಬ ಅಮೆರಿಕದ ಪ್ರೊಫೆಸರು. 1925ರ ಸುಮಾರಿಗೆ ಆತ ಒಂದು ಅಳತೆಗೋಲು ಮಾಡಿದ. ಪರರ ಗುಂಪಿನವನೊಬ್ಬನನ್ನು ನೀವು ನೆಂಟನಾಗಿ ಒಪ್ಪುತ್ತೀರಾ? ಗೆಳೆಯನಾಗಿ? ನೆರೆಮನೆಯವನಾಗಿ? ಜೊತೆ ಕೆಲಸದವನಾಗಿ? ಹೀಗೆ ಇಳಿಯುತ್ತ ಇಳಿಯುತ್ತ ಏಳನೆಯ ಮೆಟ್ಟಿಲಲ್ಲಿ, ಇವನನ್ನು ದೇಶದಿಂದಲೇ ಆಚೆ ಹಾಕಬೇಕೆ ಅಂತ. ಇದಕ್ಕೆ ಸಾಮಾಜಿಕ ಅಂತರದ ಮಾಪಕ ಅಂತ ಹೆಸರು. ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಇದನ್ನೇ ಪಾಠ ಹೇಳಿ ಅನ್ನ ತಿಂದವನು ನಾನು. ಐದು ಅಂಕದ ಪ್ರಶ್ನೆ, ತಪ್ಪದೆ ಬರುತ್ತದೆ. ಹೋದ ಸಂಕ್ರಾಂತಿಗೆ ಊರಿಗೆ ಹೊರಟಾಗ ಯಾಕೋ ಒಂದು ಚಪಲ ಹುಟ್ಟಿತು. ಏಳು ಪ್ರಶ್ನೆಯನ್ನೂ ಕನ್ನಡದಲ್ಲಿ ಬರೆದು ಜೇಬಿನಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ಅರಳಿಕಟ್ಟೆಯ ಮೇಲೆ ದೊಡ್ಡಪ್ಪ ಸಿಕ್ಕರು. ಮೊದಲನೆಯ ಪ್ರಶ್ನೆ ಓದಿದೆ.

"ಮದ್ವೆ ಮಾತು ಮೊದ್ಲೇ ಎತ್ತವ್ನಲ್ಲಪ್ಪ, ಅವನಿಗೆ ಮನೆ ಮಠ ಇರ್ಲಿಲ್ವ?" ಅಂದರು.

"ಇತ್ತು ದೊಡ್ಡಪ್ಪ. ಪ್ರೊಫೆಸರು."

"ಅದಕ್ಕೇ. ಏಳರಲ್ಲಿ ನೀರಿನ ಪ್ರಶ್ನೆ ಯಾವ್ದು?"

ಕಾಗದ ಮೇಲೆ ಕೆಳಗೆ ಮಾಡಿ ನೋಡಿದೆ. ನೀರಿನ ಪ್ರಶ್ನೆಯೇ ಇರಲಿಲ್ಲ. ಯಾರ ಕೈಯಿಂದ ಏನನ್ನು ತೆಗೆದುಕೊಳ್ಳಬಹುದು ಎಂಬುದೂ ಇರಲಿಲ್ಲ. ಇಪ್ಪತ್ತೆರಡು ವರ್ಷದಲ್ಲಿ ಒಬ್ಬ ವಿದ್ಯಾರ್ಥಿಯೂ ಎತ್ತದ ಆಕ್ಷೇಪ ಅದು. ಏಳನೇ ಕ್ಲಾಸಿಗೆ ಓದು ಬಿಟ್ಟ ದೊಡ್ಡಪ್ಪ ಆಮೇಲೆ ಒಂದು ಗಂಟೆ ನನಗೆ ಸಮಾಜಶಾಸ್ತ್ರ ಹೇಳಿಕೊಟ್ಟರು. ಅದರ ಸಾರ ಇಷ್ಟು. ಕಾಲೋನಿಯಿಂದ ರಾಗಿ ಬರಬಹುದು, ರಾಗಿಹಿಟ್ಟು ಬರಬಾರದು. ಟೊಮೆಟೊ ಬರಬಹುದು, ಟೊಮೆಟೊ ಗೊಜ್ಜು ಬರಬಾರದು. ಕೂಲಿ ಬರಬೇಕು, ಓಟು ಬರಲೇಬೇಕು, ಸಾವಿಗೂ ಜಾತ್ರೆಗೂ ತಮಟೆ ಬರದಿದ್ದರೆ ನಡೆಯುವುದೇ ಇಲ್ಲ. ತಮಟೆಯ ಸದ್ದು ಗರ್ಭಗುಡಿಯ ತನಕ ಹೋಗಬಹುದು, ಬಡಿಯುವವನು ಗರುಡಗಂಬದ ಈಚೆಗೇ ನಿಲ್ಲಬೇಕು. ಸಾಲದ ದುಡ್ಡು ಬಡ್ಡಿಯ ಸಮೇತ ಬರಬಹುದು, ನೋಟು ಎಷ್ಟು ಬೆವರಾಗಿದ್ದರೂ ಪರವಾಗಿಲ್ಲ. ಒಟ್ಟಿನಲ್ಲಿ ಪದಾರ್ಥಕ್ಕೆ ದಾರಿ ಇದೆ, ಅದನ್ನು ಹಿಡಿದ ಕೈಗೆ ಇಲ್ಲ.

"ಹಾಲು?" ಅಂದೆ.

ದೊಡ್ಡಪ್ಪ ಒಂದು ಕ್ಷಣ ಯೋಚಿಸಿದರು. "ಡೈರಿ ಬರೋಕೆ ಮುಂಚೆ ಅವ್ರ ಹಾಲು ಯಾರು ತಗೋತಿದ್ರು? ಈಗ ಹಂಗಲ್ಲ. ಕ್ಯಾನಿಗೆ ಬಿದ್ಮೇಲೆ ಅದು ಸರ್ಕಾರದ ಹಾಲು."

ಸಹಕಾರ ಚಳವಳಿಯ ಬಗ್ಗೆ ಇಷ್ಟು ಚೊಕ್ಕವಾದ ವಾಕ್ಯವನ್ನು ನಾನು ಯಾವ ಪುಸ್ತಕದಲ್ಲೂ ಓದಿಲ್ಲ. ಬೆಳಿಗ್ಗೆ ಆರಕ್ಕೆ ಡೈರಿ ಮುಂದೆ ಊರಿನವರ ಕ್ಯಾನು, ಕಾಲೋನಿಯವರ ಚೊಂಬು ಎಲ್ಲ ಒಂದೇ ಸಾಲು. ಫ್ಯಾಟ್ ನೋಡುತ್ತಾರೆ, ಎಸ್‌ಎನ್‌ಎಫ್ ನೋಡುತ್ತಾರೆ, ನೀರು ಬೆರೆಸಿದ್ದರೆ ಲ್ಯಾಕ್ಟೋಮೀಟರು ಹೇಳಿಬಿಡುತ್ತದೆ. ಯಾರ ಕೊಟ್ಟಿಗೆಯ ಹಾಲು ಎಂದು ಹೇಳುವ ಮೀಟರನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ, ಹಿಡಿದರೆ ನಮ್ಮೂರಿನವರು ಚಂದಾ ಎತ್ತಿ ತರಿಸಿಯಾರು. ಎಲ್ಲವೂ ಒಂದೇ ಟ್ಯಾಂಕಿಗೆ ಸುರಿದು, ಟ್ಯಾಂಕರಿನಲ್ಲಿ ಕೋಲಾರಕ್ಕೆ ಹೋಗಿ, ಕಾದು, ತಣ್ಣಗಾಗಿ, ನಂದಿನಿ ಪ್ಯಾಕೆಟ್ಟಾಗಿ ಊರಿಗೇ ವಾಪಸು ಬರುತ್ತದೆ. ದೇವರಿಗೆ ಅಭಿಷೇಕವಾಗುವುದೂ ಅದೇ.

ಹಾಲಿನ ವಿಷಯ ಹೋಗಲಿ, ನೀರಿಗೆ ಬರೋಣ. ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಒಂದು ಹೊಳೆ ಇಲ್ಲ. ಕೆರೆಗಳು ಒಣಗಿ ಜಾಲಿ ಬೆಳೆದಿತ್ತು. ಅದಕ್ಕೆ ಸರ್ಕಾರ ಕೆ.ಸಿ. ವ್ಯಾಲಿ ಯೋಜನೆ ಮಾಡಿತು. ಕೋರಮಂಗಲ, ಚಲ್ಲಘಟ್ಟ ಕಣಿವೆಯ ಕೊಳಚೆ, ಅಂದರೆ ಬೆಂಗಳೂರಿನವರ ಸ್ನಾನದ ಮನೆಯ ಮತ್ತು ಅದರ ಪಕ್ಕದ ಕೋಣೆಯ ನೀರು, ಎರಡು ಹಂತದಲ್ಲಿ ಶುದ್ಧಿಯಾಗಿ ಪೈಪಿನಲ್ಲಿ ಬೆಟ್ಟ ಹತ್ತಿ ಇಳಿದು 2018ರ ಜೂನ್‌ನಲ್ಲಿ ಲಕ್ಷ್ಮೀಸಾಗರ ಕೆರೆಗೆ ಬಂತು. ದಿನಕ್ಕೆ 44 ಕೋಟಿ ಲೀಟರು ಕೊಡುವ ಲೆಕ್ಕ. ಜುಲೈಯಲ್ಲಿ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಕೋರ್ಟಿಗೂ ಹೋಯಿತು. ಮೂರನೆಯ ಹಂತದ ಶುದ್ಧೀಕರಣವೂ ಆಗಬೇಕೆಂದು ಜಿಲ್ಲೆಯ ರೈತ ಹೋರಾಟಗಾರರು ಈಗಲೂ ಕೇಳುತ್ತಿದ್ದಾರೆ, ಅವರು ಕೇಳುವುದು ಸರಿಯಾಗಿಯೇ ಇದೆ. ಆದರೆ ಒಂದು ವಿಷಯ ಗಮನಿಸಿ. ಆ ನೀರಿನಲ್ಲಿ ಬೆಂಗಳೂರಿನ ಹದಿನೆಂಟು ಜಾತಿಯೂ ಕರಗಿದೆ. ಅದು ಯಾರ ಯಾರ ಮನೆಯ ಕಮೋಡಿನಿಂದ ಹೊರಟಿತು ಅಂತ ಯಾರೂ ಕೇಳಲಿಲ್ಲ. ಕೆರೆ ತುಂಬಿದ ಕಡೆಯೆಲ್ಲ ಅರಿಸಿನ ಕುಂಕುಮ ಹಾಕಿ ಬಾಗಿನ ಬಿಟ್ಟರು.

ಬೆಂಗಳೂರಿನ ಕಕ್ಕಸಿನ ನೀರಿಗೆ ಎರಡು ಹಂತ ಸಾಕಾಯಿತು. ಕಾಲೋನಿಯ ಮನುಷ್ಯನಿಗೆ ಮೂರು ಹಂತವೂ ಮುಗಿದಿದೆ: 1950ರಲ್ಲಿ ಸಂವಿಧಾನದ 17ನೇ ವಿಧಿ, 1955ರಲ್ಲಿ ಅಸ್ಪೃಶ್ಯತೆಯ ಅಪರಾಧಗಳ ಕಾಯ್ದೆ, 1989ರಲ್ಲಿ ದೌರ್ಜನ್ಯ ತಡೆ ಕಾಯ್ದೆ. ಆದರೂ ನಮ್ಮೂರಿನವರ ಲ್ಯಾಬ್ ರಿಪೋರ್ಟಿನಲ್ಲಿ ಇನ್ನೂ ಪಾಸಾಗಿಲ್ಲ. ಶುದ್ಧೀಕರಣ ಘಟಕವನ್ನು ತಪ್ಪು ಕಡೆ ಕಟ್ಟಿದ್ದಾರೇನೋ ಅಂತ ನನಗೊಂದು ಗುಮಾನಿ.

ಕೈ ದಾಟಬಾರದು ಎಂಬ ಈ ನಿಯಮಕ್ಕೆ ರೇಟು ಎಷ್ಟು ಎಂಬುದೂ ನಮ್ಮ ಜಿಲ್ಲೆಯಲ್ಲೇ ಗೊತ್ತಾಯಿತು. 2022ರ ಸೆಪ್ಟೆಂಬರ್, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಭೂತಾಯಮ್ಮನ ಜಾತ್ರೆ, ಸಿಡಿರಣ್ಣ ದೇವರ ಮೆರವಣಿಗೆ. ಹದಿಹರೆಯದ ದಲಿತ ಹುಡುಗನೊಬ್ಬ ದೇವರ ಕೋಲನ್ನು ಮುಟ್ಟಿದ. ದೇವರನ್ನಲ್ಲ, ದೇವರಿಗೆ ತಗುಲಿಕೊಂಡಿದ್ದ ಕೋಲನ್ನು. ಊರಿನ ಹಿರಿಯರು ಸೇರಿ ಆ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು, ಕಟ್ಟದಿದ್ದರೆ ಊರಿನಲ್ಲಿ ಇರಬೇಡಿ ಅಂದರು. ಕೇಸು ದಾಖಲಾದದ್ದು ಮಾಸ್ತಿ ಠಾಣೆಯಲ್ಲಿ. ಸಣ್ಣಕತೆಗಳಿಗೆ ಹೆಸರಾದ ಊರು, ಈ ಕತೆಯನ್ನೂ ಅಲ್ಲೇ ಬರೆದುಕೊಂಡರು.

ಇದರಲ್ಲಿ ನನ್ನನ್ನು ಬೆರಗುಗೊಳಿಸಿದ್ದು ಭೌತಶಾಸ್ತ್ರ. 1902ರಲ್ಲೇ ಶಿವನಸಮುದ್ರದಿಂದ ತಂತಿ ಎಳೆದು ಕರೆಂಟು ತರಿಸಿಕೊಂಡ ಜಿಲ್ಲೆ ನಮ್ಮದು. ಆಗ ಬೆಂಗಳೂರಿನ ಬೀದಿಗಳಿಗೇ ವಿದ್ಯುದ್ದೀಪ ಇರಲಿಲ್ಲ. ಒಣ ಮರದಲ್ಲಿ ಕರೆಂಟು ಹಾಯುವುದಿಲ್ಲ ಅಂತ ಇಲ್ಲಿನ ಲೈನ್‌ಮನ್‌ಗೆ ಗೊತ್ತು, ಎಮ್ಮೆ ಕಾಯುವ ಹುಡುಗನಿಗೂ ಗೊತ್ತು. ಜಾತಿ ಹಾಯುತ್ತದೆ. ಹುಡುಗನ ಬೆರಳಿನಿಂದ ಕೋಲಿಗೆ, ಕೋಲಿನಿಂದ ದೇವರಿಗೆ, ದೇವರಿಂದ ಊರಿಗೆ, ಎಲ್ಲೂ ಲಾಸ್ ಆಗದೆ ಪೂರ್ತಿ ವೋಲ್ಟೇಜು. ಬೆಸ್ಕಾಂನವರು ಬಂದು ಅಭ್ಯಾಸ ಮಾಡಬೇಕಾದ ಸರಬರಾಜು.

ಇನ್ನು ಆ ಅರವತ್ತು ಸಾವಿರ. ಉಳ್ಳೇರಹಳ್ಳಿಯ ಪಕ್ಕದ ತಾಲ್ಲೂಕಿನಲ್ಲೇ ನರಸಾಪುರ, ಅಲ್ಲಿ ಐಫೋನ್ ಜೋಡಿಸುವ ಕಾರ್ಖಾನೆ. ಹಳ್ಳಿ ಹಳ್ಳಿಯ ಹುಡುಗ ಹುಡುಗಿಯರು ಬಸ್ಸಿನಲ್ಲಿ ಹೋಗಿ ಶಿಫ್ಟಿನಲ್ಲಿ ಕೂತು ಮಾಡುವುದು ಏನನ್ನು? ಮುಟ್ಟುವ ಪರದೆಯ ಫೋನನ್ನು. ದಂಡ ಬಿದ್ದ ಆ ದಿನಗಳಲ್ಲಿ ಹೆಚ್ಚುಕಡಿಮೆ ಅಷ್ಟೇ ದುಡ್ಡಿಗೆ ಅಂಗಡಿಯಲ್ಲಿ ಒಂದು ಐಫೋನ್ ಸಿಗುತ್ತಿತ್ತು. ಅಂದರೆ ಅದೇ ಮೊತ್ತಕ್ಕೆ ಒಬ್ಬ ವರ್ಷಗಟ್ಟಲೆ ಬೆರಳಾಡಿಸಬಹುದು, ಇನ್ನೊಬ್ಬ ಒಂದು ಕ್ಷಣ ಕೋಲು ಮುಟ್ಟಬಹುದು. ಯಾವ ಫೋನನ್ನು ಯಾವ ಕೇರಿಯ ಬೆರಳು ಜೋಡಿಸಿತು ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ, ನಮ್ಮವರು ಅದನ್ನು ಕಣ್ಣಿಗೊತ್ತಿಕೊಂಡು, ಕುಂಕುಮ ಇಟ್ಟು ತೆರೆಯುತ್ತಾರೆ.

ದಂಡದ ಸುದ್ದಿಯ ಜೊತೆಗೆ ಇನ್ನೊಂದು ಸುದ್ದಿಯೂ ಬಂತು. ಆ ಮನೆಯವರು ದೇವರ ಪಟಗಳನ್ನು ತೆಗೆದು ಅಂಬೇಡ್ಕರ್ ಪಟ ಇಟ್ಟುಕೊಂಡರಂತೆ. ದೊಡ್ಡಪ್ಪನಿಗೆ ಕೋಲಿಗಿಂತ ಇದು ಹೆಚ್ಚು ನೋವು ಕೊಟ್ಟಿತ್ತು. "ದೇವ್ರನ್ನೇ ಬಿಟ್ಬಿಟ್ರೆ ಹೆಂಗಪ್ಪ? ಸೊಕ್ಕಲ್ವ ಅದು?" ಅಂದರು. ಅಂತರ ನಾವು ಇಟ್ಟರೆ ಸಂಪ್ರದಾಯ, ಅವರು ಇಟ್ಟರೆ ಸೊಕ್ಕು. ಬೊಗಾರ್ಡಸ್‌ನ ಏಳು ಪ್ರಶ್ನೆಯಲ್ಲಿ ಈ ದಿಕ್ಕಿನ ವಿಚಾರವೇ ಇಲ್ಲ ನೋಡಿ. ಹೋಳೂರು ಕಡೆ ಒಂದು ದಿನ ಇದ್ದಿದ್ದರೆ ಮಾಪಕವನ್ನು ಮಡಚಿ ಸೂಟ್‌ಕೇಸಿಗೆ ಹಾಕಿಕೊಳ್ಳುತ್ತಿದ್ದ.

2020ರಲ್ಲಿ ಕೊರೊನಾ ಬಂದಾಗ "ಸಾಮಾಜಿಕ ಅಂತರ ಕಾಪಾಡಿ" ಅಂತ ಸರ್ಕಾರ ಸಾರಿತು. ಮಾರ್ಚಿನಲ್ಲೇ ವಿಶ್ವ ಆರೋಗ್ಯ ಸಂಸ್ಥೆ ಆ ಮಾತು ಬೇಡ, ದೈಹಿಕ ಅಂತರ ಅನ್ನಿ ಎಂದು ತಿದ್ದಿತು. ನಮ್ಮಲ್ಲಿ ಯಾರು ಕೇಳುತ್ತಾರೆ, ಪರಿಚಯದ ಪದ ಬಿಟ್ಟು ಹೊಸದನ್ನು ಯಾಕೆ ಹಿಡಿಯಬೇಕು? ಇದರಲ್ಲಿ ನಾವು ಮೊದಲೇ ಪಾಸಾದವರು ಅಂತ ಆಗ ಎಷ್ಟೋ ಜನ ಜೋಕು ಮಾಡಿದರು. ಅದು ತಪ್ಪು ಜೋಕು. ಆ ಪರೀಕ್ಷೆಯಲ್ಲಿ ನಮ್ಮೂರು ಫೇಲಾಯಿತು. ನ್ಯಾಯಬೆಲೆ ಅಂಗಡಿ ಮುಂದೆ ಸುಣ್ಣದಲ್ಲಿ ಸುತ್ತು ಬರೆದು ಒಬ್ಬೊಬ್ಬರು ಒಂದೊಂದರಲ್ಲಿ ನಿಲ್ಲಿ ಅಂದರು. ಎಲ್ಲ ಸುತ್ತೂ ಒಂದೇ ಅಳತೆ, ಎಲ್ಲ ಸುತ್ತಿಗೂ ಮಧ್ಯೆ ಒಂದೇ ಅಂತರ. ಗೌಡರ ಸುತ್ತಿಗೂ ಅವರ ಸ್ವಂತ ತಮ್ಮನ ಸುತ್ತಿಗೂ ಎಷ್ಟು ದೂರವೋ ಕಾಲೋನಿಯವನ ಸುತ್ತಿಗೂ ಅಷ್ಟೇ. ಇದನ್ನು ತಡೆದುಕೊಳ್ಳುವುದು ಹೇಗೆ? ಎರಡನೆಯ ವಾರಕ್ಕೆ ಊರಿನವರು ಒಂದು ಕಡೆ ಗುಂಪಾಗಿ ಒತ್ತರಿಸಿಕೊಂಡು ನಿಂತರು, ಕಾಲೋನಿಯವರು ಇನ್ನೊಂದು ಕಡೆ ಒತ್ತರಿಸಿಕೊಂಡು ನಿಂತರು, ಮಧ್ಯೆ ಮಾತ್ರ ಹತ್ತು ಸುತ್ತು ಖಾಲಿ. ವೈರಸ್ಸಿಗೆ ಹೆದರಿ ಯಾರೂ ಹಳೆಯ ಭೂಗೋಳ ಬದಲಾಯಿಸಲಿಲ್ಲ.

ಅದೇ ಜನರನ್ನು ಬೆಳಿಗ್ಗೆ ಮಾರಿಕುಪ್ಪಂನಿಂದ ಬರುವ ಬೆಂಗಳೂರು ರೈಲಿನಲ್ಲಿ ನೋಡಬೇಕು. ಬಂಗಾರಪೇಟೆಯಲ್ಲಿ ಕಾಲಿಡಲು ಜಾಗವಿಲ್ಲ, ಟೇಕಲ್‌ನಲ್ಲಿ ಕೈಯಿಡಲೂ ಇಲ್ಲ, ಮಾಲೂರಿನಲ್ಲಿ ಉಸಿರಾಡಲು ಪಕ್ಕದವನ ಅಪ್ಪಣೆ ಬೇಕು. ಒಬ್ಬನ ಬುತ್ತಿ ಇನ್ನೊಬ್ಬನ ತೊಡೆಯ ಮೇಲೆ, ಮತ್ತೊಬ್ಬನ ಬೆವರು ಮಗದೊಬ್ಬನ ಅಂಗಿಯಲ್ಲಿ. ಸಂಜೆ ಅದೇ ರೈಲಿನಿಂದ ಇಳಿದು ಸ್ಟೇಷನ್ ಗೇಟು ದಾಟುತ್ತಲೂ ಇನ್ನೂರ ಹದಿನಾಲ್ಕು ಹೆಜ್ಜೆ ಮತ್ತೆ ಜಾರಿಗೆ ಬರುತ್ತದೆ. ವೈಟ್‌ಫೀಲ್ಡಿನಲ್ಲಿ ಇವರೇ ಬಾಡಿಗೆ ಮನೆ ಹುಡುಕಿದರೆ ಅಲ್ಲಿನ ಓನರು "ನಾನ್‌ವೆಜ್ ತಿಂತೀರಾ?" ಅಂತ ಕೇಳುತ್ತಾನೆ. ಆಗ ನಮ್ಮ ಊರಿನವರಿಗೂ ಸ್ವಲ್ಪ ಅರ್ಥವಾಗುತ್ತದೆ, ಊರಿಗೆ ಬರುವಷ್ಟರಲ್ಲಿ ಮರೆತುಹೋಗುತ್ತದೆ.

ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಶಾಲೆ 2015ರಲ್ಲಿ ಸುದ್ದಿಯಾಯಿತು. ಬಿಸಿಯೂಟ ಮಾಡುವುದು ದಲಿತ ಹೆಣ್ಣುಮಗಳು ಅಂತ ಮನೆಯವರು ಮಕ್ಕಳನ್ನು ಶಾಲೆಯಿಂದಲೇ ಬಿಡಿಸಿಕೊಂಡು ಹೋದರು. ಮಕ್ಕಳು ಏನನ್ನು ಕಲಿತರೋ ಬಿಟ್ಟರೋ, ಇದನ್ನಂತೂ ಕಲಿತರು. ಮುಳಬಾಗಿಲಿನ ಪೇಟೆಗೆ ಹೋದರೆ ನಾವೆಲ್ಲ ಸಾಲುಗಟ್ಟಿ ನಿಂತು ಮುಳಬಾಗಿಲು ದೋಸೆ ತಿನ್ನುತ್ತೇವಲ್ಲ, ಹಿಟ್ಟು ರುಬ್ಬಿದವರು ಯಾರು ಅಂತ ಇವತ್ತಿನ ತನಕ ಒಬ್ಬ ಗಿರಾಕಿಯೂ ಒಳಗೆ ಇಣುಕಿ ನೋಡಿದ್ದಿಲ್ಲ. ತುಪ್ಪ ಜಾಸ್ತಿ ಹಾಕಿ ಅನ್ನುತ್ತಾರೆ, ಅಷ್ಟೆ.

ಕಂಬಾಲಪಲ್ಲಿಯ ಹೆಸರು ಎತ್ತಿದೆ. ಕಟ್ಟೆ ಮೇಲಿದ್ದವರು ಎಲೆಯಡಿಕೆ ಉಗಿಯಲು ಎದ್ದರು. 2000ದ ಮಾರ್ಚ್ 11ರಂದು ಆ ಊರಿನಲ್ಲಿ ಏಳು ದಲಿತರನ್ನು ಸುಟ್ಟು ಕೊಂದರು. 2006ರಲ್ಲಿ ಎಲ್ಲ ಆರೋಪಿಗಳೂ ಖುಲಾಸೆಯಾದರು. ಹಾಗಾದರೆ ಅಂದು ಆ ಮನೆಗೆ ಬೆಂಕಿ ಇಟ್ಟವರು ಯಾರೂ ಅಲ್ಲ. "ಅದು ನಮ್ ಜಿಲ್ಲೇಲಿ ಎಲ್ಲೈತೆ ಈಗ?" ಅಂದರು ದೊಡ್ಡಪ್ಪ. ಹೌದು, 2007ರಲ್ಲಿ ಜಿಲ್ಲೆ ಒಡೆದಾಗ ಚಿಂತಾಮಣಿ ತಾಲ್ಲೂಕು ಚಿಕ್ಕಬಳ್ಳಾಪುರಕ್ಕೆ ಹೋಯಿತು. ಒಂದು ಗೆಜೆಟ್ ಪ್ರಕಟಣೆಯಲ್ಲಿ ಅಂತರ ಕಾಯ್ದುಕೊಂಡೆವು.

ಇದನ್ನೆಲ್ಲ ಮುರಿಯಲು ಕೋಲಾರದಲ್ಲಿ ಯಾರೂ ಕೈ ಹಾಕಿಲ್ಲ ಅಂತಲ್ಲ. ತೇರಹಳ್ಳಿ ಬೆಟ್ಟದ ಮೇಲೆ ಕೋಟಿಗಾನಹಳ್ಳಿ ರಾಮಯ್ಯ ಮತ್ತು ಗೆಳೆಯರು ಕಟ್ಟಿದ ಆದಿಮ ಇದೆ, ಅಲ್ಲಿ ಹುಣ್ಣಿಮೆಯ ರಾತ್ರಿ ಹಾಡು ಕೇಳಲು ಕೂತವರ ಮಧ್ಯೆ ಸುಣ್ಣದ ಸುತ್ತಿಲ್ಲ. ಅರಿವು ಭಾರತ ಎಂಬವರು "ಗೃಹಪ್ರವೇಶ" ಅಂತ ನಡೆಸಿಕೊಂಡು ಬಂದಿದ್ದಾರೆ: ದಲಿತರನ್ನು ಮೇಲ್ಜಾತಿಯವರ ಮನೆಯ ಹೊಸಿಲು ದಾಟಿಸಿ ಒಳಗೆ ಕೂರಿಸುವುದು. ನಮ್ಮ ರಾಜಕಾರಣಿಗಳ ದಾರಿಯೇ ಬೇರೆ. ಅವರು ದಲಿತರ ಮನೆಗೆ ಕ್ಯಾಮೆರಾ ಸಮೇತ ಊಟಕ್ಕೆ ಹೋಗುತ್ತಾರೆ. 2017ರಲ್ಲಿ ಚಿತ್ರದುರ್ಗದಲ್ಲಿ ಹಾಗೆ ಒಬ್ಬ ನಾಯಕರು ತಿಂದ ಇಡ್ಲಿ ಹೋಟೆಲಿನದು ಅಂತ ದೊಡ್ಡ ಗಲಾಟೆಯಾಯಿತು. ನನಗೇನೋ ಆ ಇಡ್ಲಿಯ ಮೇಲೆ ಕನಿಕರ. ಹೋಟೆಲಿನಲ್ಲಿ ಹುಟ್ಟಿ, ಕಾಲೋನಿಯಲ್ಲಿ ತಟ್ಟೆಗೆ ಬಿದ್ದು, ಎರಡು ಕಡೆಯೂ ಸಲ್ಲದೆ ಹೋಯಿತು.

ಹಬ್ಬದ ಮಾರನೆಯ ಬೆಳಿಗ್ಗೆ ಕೊಟ್ಟಿಗೆ ಗುಡಿಸಲು ಕಾಲೋನಿಯ ಅಕ್ಕ ಬಂದಿದ್ದರು. ಅಕ್ಕ ಅನ್ನುವುದು ನಾನು, ಸಮಾಜಶಾಸ್ತ್ರ ಓದಿದ ಮೇಲೆ. ಅಮ್ಮ ಇವತ್ತಿಗೂ ಬರೀ ಹೆಸರು ಹಿಡಿದು ಕೂಗುತ್ತಾಳೆ. ಆಕೆ ನನಗಿಂತ ಹತ್ತು ವರ್ಷ ದೊಡ್ಡವರು, ನನ್ನನ್ನು "ಸಣ್ಣ ಗೌಡ್ರೇ" ಅನ್ನುತ್ತಾರೆ. ಆಕೆಯದು ಒಂದು ಸೀಮೆಹಸು ಇದೆ, ಹೊತ್ತಿಗೆ ಆರು ಲೀಟರು ಡೈರಿಗೆ ಹಾಕುತ್ತಾರೆ. ನಾನು ಚಿಕ್ಕವನಿದ್ದಾಗ ಆಕೆಯ ಅತ್ತೆ ಬರುತ್ತಿದ್ದರು, ಅವರಿಗೆ ಸೂರಿನ ಸಂದಿಯಲ್ಲಿ ಒಂದು ತೆಂಗಿನ ಚಿಪ್ಪು ಇರುತ್ತಿತ್ತು. ಆಮೇಲೆ ಚಿಪ್ಪು ಹೋಗಿ ಅಲ್ಯೂಮಿನಿಯಂ ಲೋಟ ಬಂತು. ಕಾನೂನಿಗೆ ಹೆದರಿ ಅದೂ ಹೋಯಿತು. ಈಗ ಪೇಪರ್ ಕಪ್ಪು. ಹಬ್ಬಕ್ಕೆ ಬರುವ ನೆಂಟರಿಗೆ ಸ್ಟೀಲ್ ಲೋಟ, ಆಕೆಗೆ ಪೇಪರ್ ಕಪ್ಪು. "ಯೂಸ್ ಅಂಡ್ ಥ್ರೋ, ತೊಳೆಯೋ ಕಷ್ಟ ಇಲ್ಲ" ಅನ್ನುತ್ತಾಳೆ ಅಮ್ಮ, ಇಂಗ್ಲಿಷಿನಲ್ಲೇ.

ಅಮ್ಮ ನಂದಿನಿ ಪ್ಯಾಕೆಟ್ ಕತ್ತರಿಸಿ ಟೀ ಕಾಸಿದಳು. ಅಕ್ಕ ಜಗಲಿಯ ಕೆಳಗೆ ನಿಂತು ಕಪ್ಪು ಹಿಡಿದರು. ಅಮ್ಮ ಸುರಿದಳು. ಪಾತ್ರೆಯ ಬಾಯಿಗೂ ಕಪ್ಪಿಗೂ ಮಧ್ಯೆ ಸರಿಯಾಗಿ ಒಂದು ಗೇಣು. ಎಂಬತ್ತು ವರ್ಷದ ಕೈ, ಪಾರ್ಶ್ವವಾಯು ಬಂದು ಹೋದ ಕೈ, ಒಂದು ತೊಟ್ಟು ಆಚೀಚೆ ಬೀಳಲಿಲ್ಲ. ಆ ಟೀಯಲ್ಲಿ ಆಕೆಯ ಹಸುವಿನ ಹಾಲೂ ಇದ್ದಿರಬಹುದು.

"ಏನೋ ಬರ್ಕೊಂಡು ಎಲ್ರನ್ನೂ ಕೇಳ್ತಾ ಇದ್ರಂತೆ ಕಟ್ಟೇಲಿ" ಅಂದರು ಅಕ್ಕ, ಟೀ ಊದುತ್ತ. "ನಮ್ ಕಡೆ ಬರ್ಲೇ ಇಲ್ಲ."

"ಬರ್ಬೇಕು ಅಂತಿದ್ದೆ ಅಕ್ಕ."

"ಏಳು ಪ್ರಶ್ನೆ ಅಂತೆ. ನಂದೊಂದೇ ಐತೆ ಗೌಡ್ರೇ, ಕೇಳ್ಲಾ? ಇವತ್ತು ನಮ್ಮನೇಲಿ ಹಿದುಕಿದವರೆ ಸಾರು, ಮುದ್ದೆ. ಬತ್ತೀರಾ ಊಟಕ್ಕೆ?"

ಅಮ್ಮ ಪಾತ್ರೆ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು.

"ಬಸ್ಸಿಗೆ ಹೊತ್ತಾಯ್ತಲ್ಲ ಅಕ್ಕ" ಅಂದೆ.

"ಹೌದೌದು, ಬಸ್ಸು" ಅಂತ ನಕ್ಕು, ಕಪ್ಪನ್ನು ಹಿಸುಕಿ ತಿಪ್ಪೆಗೆ ಎಸೆದು, ಪೊರಕೆ ತೆಗೆದುಕೊಂಡು ಕೊಟ್ಟಿಗೆಗೆ ಹೋದರು.

ನಾನು ಬ್ಯಾಗು ಹೆಗಲಿಗೇರಿಸಿಕೊಂಡು ಬಸ್ ಸ್ಟ್ಯಾಂಡಿಗೆ ಬಂದು ಕೂತೆ. ಕೋಲಾರದ ಬಸ್ಸಿಗೆ ಇನ್ನೂ ಐವತ್ತು ನಿಮಿಷವಿತ್ತು.